ರಿಗೊಪೂಲಾಳ ಉತ್ತರಪತ್ರಿಕೆ

ಕಾರ್ಪಾಥೊಸ್, 12 ಸೆಪ್ಟೆಂಬರ್ 1995

ಪ್ರೀತಿಯ ನೋನೊ,

ಹದಿನೇಳು ವರ್ಷದ ಹಿಂದೆ ಜ್ಞಾನಸ್ನಾನದಲ್ಲಿ ನನ್ನ ಧರ್ಮಪಿತರಾಗಿ ನಿಂತು, ನನಗೆ ಎಣ್ಣೆ ಹಚ್ಚಿ, ಮೂರು ಸಲ ನೀರಲ್ಲಿ ಮುಳುಗಿಸಿ, ರಿಗೊಪೂಲಾ ಎಂದು ಹೆಸರಿಟ್ಟು, ಮರುದಿನವೇ ಪಿರಾಯಸ್‌ಗೆ ಹಡಗು ಹತ್ತಿದವರು ನೀವು. ಅಂದಿನಿಂದ ಪ್ರತಿ ಈಸ್ಟರ್‌ಗೆ ಒಂದು ಮೇಣದಬತ್ತಿ, ಒಂದು ಜೊತೆ ಬೂಟು ಕಳಿಸುತ್ತ ಬಂದಿದ್ದೀರಿ. ಅದಕ್ಕಿಂತ ಹೆಚ್ಚಿನ ಭಾರವನ್ನು ನಾನು ನಿಮ್ಮ ಮೇಲೆ ಹೊರಿಸಿಲ್ಲ. ಈಗ ಹೊರಿಸುತ್ತೇನೆ, ಬೆನ್ನು ಗಟ್ಟಿ ಮಾಡಿಕೊಳ್ಳಿ.

ಬರುವ ಜೂನ್‌ನಲ್ಲಿ ನನ್ನ ರಾಷ್ಟ್ರಮಟ್ಟದ ಪರೀಕ್ಷೆ. ವೈದ್ಯಕೀಯಕ್ಕೆ ಹೋಗಬೇಕೆಂದು ನನ್ನ ಆಸೆ. ಭೌತಶಾಸ್ತ್ರ, ರಸಾಯನಶಾಸ್ತ್ರ, ಪ್ರಬಂಧ, ಈ ಮೂರಕ್ಕೂ ಮೇಷ್ಟ್ರಿದ್ದಾರೆ. ಜೀವಶಾಸ್ತ್ರಕ್ಕೆ ಬರಬೇಕಾದವರು ನಮ್ಮ ದ್ವೀಪ ಎಲ್ಲಿದೆಯೆಂದು ನಕ್ಷೆಯಲ್ಲಿ ನೋಡಿದ ಕೂಡಲೇ ಅವರಿಗೆ ಬೆನ್ನುನೋವು ಬಂತಂತೆ. ವೈದ್ಯರ ಚೀಟಿ ಕಳಿಸಿದರು. ಅವರ ಜಾಗದಲ್ಲಿ ವ್ಯಾಯಾಮದ ಮೇಷ್ಟ್ರು ಲೆಫ್ತೇರಿಸ್ ಬಂದು ಪುಸ್ತಕ ಓದುತ್ತಾರೆ. ನಿನ್ನೆ ನಾನು ಕೈ ಎತ್ತಿ, "ಸರ್, ರೈಬೋಸೋಮ್ ಅಂದ್ರೆ ಏನು?" ಎಂದೆ. "ಅದಾ? ಅದು ಬಾಳ ಸಣ್ದು ಕಣಮ್ಮ, ಕಣ್ಗೆ ಕಾಣಲ್ಲ. ಕಾಣದೇ ಇರೋದ್ರ ಬಗ್ಗೆ ನಾನೇನ್ ಹೇಳ್ಲಿ? ಮುಂದಿನ ಪುಟ!" ಎಂದರು.

ನೀವು ಅಲ್ಲಿ ಸರ್ಕಾರಿ ಶಾಲೆಯಲ್ಲಿ ಇದನ್ನೇ ಪಾಠ ಮಾಡುವವರು. ನನಗೆ ಪತ್ರದಲ್ಲಿ ಹೇಳಿಕೊಡಿ. ಫೋನ್ ಬೇಡ. ಫೋನಿನಲ್ಲಿ ಜೀವಕೋಶದ ಚಿತ್ರ ಬಿಡಿಸಲಾಗದು, ಅಲ್ಲದೆ ನಮ್ಮನೆಯಲ್ಲಿ ಫೋನ್ ಇರುವುದು ಅಪ್ಪನ ಕುರ್ಚಿಯ ಪಕ್ಕ.

ನಾನೂ ಸುಮ್ಮನೆ ಕೂತಿಲ್ಲ. ಮೊದಲ ನಲವತ್ತು ಪುಟ ಅಲ್ಪವಿರಾಮ ಸಮೇತ ಬಾಯಿಪಾಠ ಮಾಡಿದ್ದೇನೆ. ಎಲ್ಲಿಂದ ಕೇಳಿದರೂ ಹೇಳುತ್ತೇನೆ.

ಅಂದಹಾಗೆ ಅಕ್ಕ ಕಲ್ಲಿಯೋಪಿಗೆ ನಿಶ್ಚಯವಾಯಿತು. ಮುಂದಿನ ಸೆಪ್ಟೆಂಬರ್ ಮದುವೆ. ನಮ್ಮ ಪದ್ಧತಿ ನಿಮಗೆ ಗೊತ್ತಲ್ಲ: ಮನೆ, ಹೊಲ, ಅಮ್ಮನ ಚಿನ್ನ ಎಲ್ಲವೂ ಹಿರಿಮಗಳಿಗೆ. ನನ್ನ ಪಾಲಿಗೆ ಜೀವಶಾಸ್ತ್ರ.

ನಿಮ್ಮ,
ರಿಗೊಪೂಲಾ


ಪಿರಾಯಸ್, 1 ಅಕ್ಟೋಬರ್ 1995

ಮಗಳೇ ಪೂಲಾ,

ನಿನ್ನ ಪತ್ರ ಓದಿ ಸಂತೋಷವಾಯಿತು, ಆಮೇಲೆ ಗಾಬರಿಯೂ ಆಯಿತು. ನಲವತ್ತು ಪುಟ ಬಾಯಿಪಾಠ! ನಾನು ಅಂದು ನೀರಲ್ಲಿ ಮುಳುಗಿಸಿದ್ದು ಹೆಣ್ಣುಮಗುವನ್ನು ಎಂದೇ ನೆನಪು. ಗಿಳಿಮರಿಯನ್ನು ಮುಳುಗಿಸಿದ್ದರೆ ಪಾದ್ರಿಗಳು ಹೇಳುತ್ತಿದ್ದರು.

ಈ ದೇಶದಲ್ಲಿ ಪ್ರತಿವರ್ಷ ಮೂವತ್ತು ಸಾವಿರ ಗಿಳಿಗಳು ಪರೀಕ್ಷೆಗೆ ಕೂರುತ್ತವೆ. ಜೀವಕೋಶ ಓದಿರೋ ಎಂದರೆ ಶಬ್ದಕೋಶ ಓದಿಕೊಂಡು ಬರುತ್ತವೆ. ನನ್ನ ತರಗತಿಯಲ್ಲಿ ಪನಾಯೊತಿಸ್ ಎಂಬ ಒಬ್ಬನಿದ್ದಾನೆ. "ಮೈಟೊಕಾಂಡ್ರಿಯ ಏನು ಮಾಡುತ್ತೋ?" ಎಂದರೆ ಅರ್ಧ ಪುಟ ಒಂದೇ ಉಸಿರಿಗೆ ಒಪ್ಪಿಸುತ್ತಾನೆ. "ಅದು ನಿನ್ನ ಮೈಯಲ್ಲಿ ಎಲ್ಲಿದೆ?" ಎಂದರೆ, "ನನ್ ಮೈಯಲ್ಲೂ ಇದ್ಯಾ ಸಾರ್?" ಎನ್ನುತ್ತಾನೆ.

ಪುಸ್ತಕ ಮುಚ್ಚು. ನಿಮ್ಮೂರ ಚರ್ಚಿಗೆ ಹೋಗು. ಪಾದ್ರಿಗಳ ಕೋಣೆಯಲ್ಲಿ ಬೀಗ ಹಾಕಿದ ಪೆಟ್ಟಿಗೆಯಿದೆ, ಅದರಲ್ಲಿ ಊರಿನ ದೊಡ್ಡ ದಾಖಲೆ ಪುಸ್ತಕ. ಯಾರಿಗೆ ಯಾವ ಹೊಲ, ಯಾರು ಯಾರ ಮಗ, ಎಲ್ಲವೂ ಅದರಲ್ಲಿದೆ. ಪುಸ್ತಕ ಪೆಟ್ಟಿಗೆಯಿಂದ ಆಚೆ ಬರುವಂತಿಲ್ಲ. ನಿಮ್ಮಪ್ಪನಿಗೆ ಹೊಲದ ವಿವರ ಬೇಕಾದರೆ ಗುಮಾಸ್ತ ಒಳಗೆ ಹೋಗಿ ಬೇಕಾದ ಒಂದು ಪುಟ ನಕಲು ಮಾಡಿ ತರುತ್ತಾನೆ. ಕೆಲಸ ನಡೆಯುವುದು ನಕಲಿನ ಮೇಲೆ. ಕೆಲಸ ಮುಗಿದ ಮೇಲೆ ನಕಲು ಹರಿದು ಹೋಗುತ್ತದೆ, ಮೂಲ ಭದ್ರವಾಗಿರುತ್ತದೆ. ಪೆಟ್ಟಿಗೆ ಕೋಶಕೇಂದ್ರ. ದೊಡ್ಡ ಪುಸ್ತಕ ಡಿಎನ್‌ಎ. ನಕಲು ಆರ್‌ಎನ್‌ಎ. ನಿನ್ನ ಪುಸ್ತಕ ಇದಕ್ಕೆ ಆರು ಪುಟ ತೆಗೆದುಕೊಂಡಿದೆ, ಬರೆದವರಿಗೆ ಪುಟದ ಲೆಕ್ಕದಲ್ಲಿ ಸಂಬಳ ಎಂದು ಕಾಣುತ್ತದೆ.

ನಕಲು ಹೊರಬಂದ ಮೇಲೆ ಏನಾಗುತ್ತದೆ? ಅದನ್ನು ನೀನೇ ಕಂಡುಹಿಡಿದು ಬರೆ. ಸುಳಿವು: ನಿಮ್ಮನೆಯ ಅಡುಗೆಮನೆ.

ಕಲ್ಲಿಯೋಪಿಗೆ ನನ್ನ ಆಶೀರ್ವಾದ. ವರ ಯಾರು, ಅವನಿಗೆ ಹಲ್ಲು ಎಷ್ಟಿವೆ, ತಿಳಿಸು.

ನಿನ್ನ ನೋನೊ,
ಮಿನಾಸ್


ಕಾರ್ಪಾಥೊಸ್, 9 ನವೆಂಬರ್ 1995

ಪ್ರೀತಿಯ ನೋನೊ,

ವರನ ಹೆಸರು ಫಿಲಿಮೋನ್, ಬೇಕರಿಯವನು. ಹಲ್ಲು ಎಲ್ಲವೂ ಇವೆ, ಒಂದು ಚಿನ್ನದ್ದು.

ಅಡುಗೆಮನೆಯ ಒಗಟು ಬಿಡಿಸಿದೆ. ನಿಶ್ಚಿತಾರ್ಥದ ಊಟಕ್ಕೆ ಹನ್ನೆರಡು ಹೆಂಗಸರು ನಮ್ಮಲ್ಲಿ ಕೂತು ದ್ರಾಕ್ಷಿ ಎಲೆಯಲ್ಲಿ ಅನ್ನ ಸುತ್ತುತ್ತಿದ್ದರು, ಒಂದೊಂದು ಕಿರುಬೆರಳಿಗಿಂತ ಸಣ್ಣದು. ಅಮ್ಮ ಚೀಟಿ ಹಿಡಿದು ಕೂಗುತ್ತಾಳೆ, ಅವರು ದಾರಕ್ಕೆ ಪೋಣಿಸಿದಂತೆ ಸಾಲಾಗಿ ಇಡುತ್ತಾರೆ. ಒಮ್ಮೆಗೇ ಹೊಳೆಯಿತು: ಕೂತ ಹೆಂಗಸರು ರೈಬೋಸೋಮು! ಚೀಟಿಯಲ್ಲಿ ಮೂರು ಮೂರು ಅಕ್ಷರ ಓದಿ, ಒಂದೊಂದು ಅಮೈನೊ ಆಮ್ಲ ತಂದು ಸಾಲಿಗೆ ಸೇರಿಸುವುದು. ಸಾಲು ಮುಗಿದರೆ ಪ್ರೋಟೀನು. ಚೀಟಿಯಲ್ಲಿ ಒಂದಕ್ಷರ ತಪ್ಪಿದರೆ ಇಡೀ ತಟ್ಟೆಯ ರುಚಿ ಕೆಡಬಹುದು.

ನಾನು ಜೋರಾಗಿ ನಕ್ಕುಬಿಟ್ಟೆ. ಸೆವಾಸ್ತಿ ಚಿಕ್ಕಮ್ಮ ಕೇಳಿದಳು, "ಏನೇ, ಅನ್ನದ ಮುಖ ನೋಡಿ ನಗ್ತೀಯ?"

"ಚಿಕ್ಕಮ್ಮ, ನೀನು ರೈಬೋಸೋಮು."

"ನಲವತ್ತು ವರ್ಷದಿಂದ ಈ ಮನೇಲಿ ಏನೇನೋ ಅನ್ನಿಸ್ಕೊಂಡಿದೀನಿ. ಇದೊಂದು ಬಾಕಿ ಇತ್ತು, ಅದೂ ಆಯ್ತು."

ಸೆವಾಸ್ತಿ ಚಿಕ್ಕಮ್ಮ ನಿಮಗೆ ನೆನಪಿದ್ದಾಳಲ್ಲ, ಅಮ್ಮನ ತಂಗಿ. ಎರಡನೆಯ ಮಗಳು. ಮನೆ ಅಮ್ಮನಿಗೆ ಬಂದಾಗ ಮನೆಯ ಜೊತೆ ಅವಳೂ ಬಂದಳು, ತಾಮ್ರದ ಹಂಡೆ ಬಂದ ಹಾಗೆ. ಮಲಗುವುದು ಒಲೆಯ ಪಕ್ಕ. ಮೊನ್ನೆ ಹೇಳುತ್ತಿದ್ದಳು, "ಒಲೆಗೂ ನಂಗೂ ವ್ಯತ್ಯಾಸ ಇಷ್ಟೇ ಕಣೇ: ಒಲೆ ಒಂದೊಂದ್ಸಲ ಆರುತ್ತೆ."

ಇದರೊಂದಿಗೆ ಜೀವಕೋಶದ ಪೊರೆಯ ಬಗ್ಗೆ ಮಾದರಿ ಉತ್ತರ ಇಟ್ಟಿದ್ದೇನೆ. ಪುಸ್ತಕದಲ್ಲಿ ಇದ್ದ ಹಾಗೇ, ಒಂದಕ್ಷರ ಆಚೀಚೆ ಇಲ್ಲ. ತಿದ್ದಿ ಅಂಕ ಹಾಕಿ.

ರಿಗೊಪೂಲಾ


ಪಿರಾಯಸ್, 27 ನವೆಂಬರ್ 1995

ಪೂಲಾ,

ರೈಬೋಸೋಮಿಗೆ ನೂರಕ್ಕೆ ನೂರು. ಇಪ್ಪತ್ತು ವರ್ಷ ಪಾಠ ಮಾಡಿದ್ದೇನೆ, ಆ ಹನ್ನೆರಡು ಹೆಂಗಸರು ನನಗೆ ಹೊಳೆದಿರಲಿಲ್ಲ. ನಾಳೆ ತರಗತಿಯಲ್ಲಿ ಕದ್ದು ಹೇಳುತ್ತೇನೆ, ನಿನ್ನ ಹೆಸರು ಹೇಳುವುದಿಲ್ಲ.

ಮಾದರಿ ಉತ್ತರದಲ್ಲಿ ಮೀನು ಸುತ್ತಿದೆ. ಒಳ್ಳೆಯ ಕಾಗದ, ಎಣ್ಣೆ ಚೆನ್ನಾಗಿ ಹೀರಿತು. ಪುಸ್ತಕ ನನ್ನ ಹತ್ತಿರವೂ ಇದೆ ತಾಯಿ, ಅದನ್ನು ನಕಲು ಮಾಡಿ ಅಂಚೆಚೀಟಿ ಹಚ್ಚಿ ನನಗೇ ಕಳಿಸುವುದೇಕೆ? ಆ ಉತ್ತರವನ್ನು ಸ್ಟಾಫ್ ರೂಮಿನಲ್ಲಿ ಗಟ್ಟಿಯಾಗಿ ಓದಿದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. "ದ್ವೀಪದಲ್ಲಿ ಗಿಳಿ ಸಾಕಣೆ ಚೆನ್ನಾಗಿದೆ" ಎಂದರು ಗಣಿತದ ಮೇಷ್ಟ್ರು. ಇನ್ನು ಮುಂದೆ ಪುಸ್ತಕದ ಒಂದು ವಾಕ್ಯವೂ ನಿನ್ನ ಪತ್ರದಲ್ಲಿ ಕಾಣಬಾರದು. ಬಾಯಿಪಾಠ ಮರೆ. ಮರೆಯುವುದೂ ಒಂದು ವಿದ್ಯೆ.

ಈ ಸಲ ಪ್ರೋಟೀನು ಮಡಚಿಕೊಳ್ಳುವ ಬಗೆ. ಸಾಲಿನಲ್ಲಿ ಪೋಣಿಸಿದ ಮಾತ್ರಕ್ಕೆ ಮುಗಿಯಲಿಲ್ಲ. ಸಾಲು ತನ್ನಷ್ಟಕ್ಕೆ ಸುತ್ತಿಕೊಂಡು, ತಿರುಚಿಕೊಂಡು, ಒಂದು ಆಕಾರಕ್ಕೆ ಬರಬೇಕು. ಆಕಾರವಿದ್ದರೇ ಕೆಲಸ. ಬೀಗದ ಕೈಯನ್ನು ಕಾಯಿಸಿ ಬಡಿದು ಕಡ್ಡಿ ಮಾಡಿದರೆ ಕಬ್ಬಿಣ ಅಷ್ಟೇ ಇರುತ್ತದೆ, ತೂಕ ಅಷ್ಟೇ ಇರುತ್ತದೆ, ಬಾಗಿಲು ಮಾತ್ರ ತೆಗೆಯುವುದಿಲ್ಲ.

ಇನ್ನೊಂದು ಮಾತು. ಜೂನ್ ತಿಂಗಳಲ್ಲಿ ನನಗೆ ಪತ್ರ ಬರೆಯಬೇಡ. ಪ್ರತಿ ಜೂನ್ ನನಗೆ ಒಂದು ಕೂಲಿ ಕೆಲಸವಿರುತ್ತದೆ, ಮನೆಯಲ್ಲಿ ಸಿಗುವುದಿಲ್ಲ.

ಮಿನಾಸ್


ಕಾರ್ಪಾಥೊಸ್, 14 ಜನವರಿ 1996

ಪ್ರೀತಿಯ ನೋನೊ,

ಗಾಳಿ. ಡಿಸೆಂಬರ್‌ನಲ್ಲಿ ಹತ್ತೊಂಬತ್ತು ದಿನ ಹಡಗಿಲ್ಲ. ನಿಮ್ಮ ಪತ್ರ, ಕ್ರಿಸ್‌ಮಸ್ ಕಾರ್ಡು, ಊರಿನ ಆಲೂಗಡ್ಡೆ, ಎಲ್ಲ ಒಟ್ಟಿಗೆ ಇಳಿದವು.

ಜೂನ್ ಕೂಲಿಯ ವಿಷಯ ಅಮ್ಮನಿಗೆ ಓದಿ ಹೇಳಿದೆ. "ಕೂಲಿಯಂತೆ ಕೂಲಿ! ಐವತ್ತು ವರ್ಷದ ಬ್ರಹ್ಮಚಾರಿ ಜೂನ್ ತಿಂಗಳಲ್ಲಿ ಮನೇಲಿ ಸಿಗಲ್ಲ ಅಂದ್ರೆ ಅದ್ಕೆ ಒಂದೇ ಕಾರಣ. ಹೆಂಗಸು ಎಲ್ಲಿಯವಳು ಅಂತ ಕೇಳು" ಎಂದಳು. ಕೇಳಿದ್ದೇನೆ. ಉತ್ತರ ಸ್ವಂತ ಮಾತಿನಲ್ಲಿರಲಿ, ಬಾಯಿಪಾಠದ ಉತ್ತರಕ್ಕೆ ಅಂಕವಿಲ್ಲ.

ನೀವು ಹೇಳಿದಂತೆ ಪುಸ್ತಕ ಮರೆತೆ, ನಿಮ್ಮಾಣೆ. ಸ್ಟಾಫ್ ರೂಮಿನಲ್ಲಿ ನಕ್ಕರು ಎಂದು ಓದಿದ ದಿನ ಅದನ್ನು ಹಂಡೆಯ ಹಿಂದೆ ಎಸೆದೆ. ಈಗ ಎಲ್ಲವೂ ನನ್ನದೇ ಮಾತು. ಕಳೆದ ವಾರ ಲೆಫ್ತೇರಿಸ್ ಮೇಷ್ಟ್ರು ಕಿರುಪರೀಕ್ಷೆ ಕೊಟ್ಟರು. ಜೀವಕೋಶದ ಪೊರೆಯನ್ನು ನಮ್ಮ ಬಂದರಿನ ಕಸ್ಟಮ್ಸ್ ಕಟ್ಟೆಗೆ ಹೋಲಿಸಿ ಬರೆದೆ: ಕೆಲವರಿಗೆ ಬಾಗಿಲು ತಾನೇ ತೆರೆಯುತ್ತದೆ, ಕೆಲವರನ್ನು ಕೈಹಿಡಿದು ದಾಟಿಸಬೇಕು, ಕೆಲವರಿಗೆ ಖರ್ಚು ಮಾಡಬೇಕು. ಅವರು ಪುಸ್ತಕ ಪಕ್ಕದಲ್ಲಿಟ್ಟು, ಒಂದೊಂದು ಸಾಲಿಗೂ ಬೆರಳಿಟ್ಟು ನೋಡಿದರು. "ಚೆನ್ನಾಗೈತೆ ಕಣಮ್ಮ, ಆದ್ರೆ ಪುಸ್ತಕದಾಗಿಲ್ಲ" ಎಂದು ಇಪ್ಪತ್ತಕ್ಕೆ ಒಂಬತ್ತು ಕೊಟ್ಟರು.

ಅವರು ವ್ಯಾಯಾಮದವರು, ಬಿಡಿ. ಆದರೆ ನಿಜವಾದ ಪರೀಕ್ಷಕರು ಹೇಗಿರುತ್ತಾರೆ ನೋನೊ? ಅವರೂ ಬೆರಳಿಟ್ಟು ನೋಡುತ್ತಾರೆಯೇ?

ರಿಗೊಪೂಲಾ


ಪಿರಾಯಸ್, 6 ಫೆಬ್ರವರಿ 1996

ಪೂಲಾ,

ಹೆಂಗಸು ಲಾರಿಸಾದವಳು, ಮೀಸೆ ಇದೆ ಎಂದು ಅಮ್ಮನಿಗೆ ಹೇಳು.

ಕಸ್ಟಮ್ಸ್ ಕಟ್ಟೆ ಅಮೋಘ. ಒಂಬತ್ತು ಕೊಟ್ಟವನಿಗೆ ನೂರು ಬಸ್ಕಿ ಹೊಡೆಸಬೇಕು, ಅದು ಅವನಿಗೆ ಅಭ್ಯಾಸವಿರುತ್ತದೆ ಎಂಬುದೊಂದೇ ಬೇಸರ.

ಪರೀಕ್ಷಕರು? ಅವರೂ ಮನುಷ್ಯರೇ. ಅರ್ಥವಾದವರ ಉತ್ತರ ನೋಡಿದೊಡನೆ ಗೊತ್ತಾಗುತ್ತದೆ. ಒಂದು ಉತ್ತರಪತ್ರಿಕೆಯನ್ನು ಇಬ್ಬರು ನೋಡುತ್ತಾರೆ, ಒಬ್ಬರ ಅಂಕ ಇನ್ನೊಬ್ಬರಿಗೆ ಕಾಣದಂತೆ ಕಪ್ಪು ಕಾಗದ ಅಂಟಿಸಿರುತ್ತಾರೆ. ಇಬ್ಬರ ನಡುವೆ ನೂರಕ್ಕೆ ಹನ್ನೆರಡಕ್ಕಿಂತ ಹೆಚ್ಚು ಅಂತರ ಬಂದರೆ ಮೂರನೆಯವರು ನೋಡುತ್ತಾರೆ. ಇಷ್ಟು ಕಣ್ಣಿರುವಾಗ ನ್ಯಾಯ ಎಲ್ಲಿ ತಪ್ಪಿಸಿಕೊಂಡೀತು? ಧೈರ್ಯವಾಗಿರು.

ಇದೊಂದು ಸಲವೇ ಬದುಕು ನಿಂತಿದೆ ಎಂಬಂತೆ ಬರೆಯುತ್ತೀಯ. ಈ ಸಲ ಆಗದಿದ್ದರೆ ಮುಂದಿನ ಸಲ. ನಾನೇ ಮೂರು ಸಲ ಬರೆದವನು. ಗ್ರೀಸಿನಲ್ಲಿ ಮೊದಲ ಸಲಕ್ಕೇ ಆಗುವುದು ಜ್ಞಾನಸ್ನಾನ ಒಂದೇ.

ಮಿನಾಸ್


ಕಾರ್ಪಾಥೊಸ್, 20 ಮೇ 1996

ಪ್ರೀತಿಯ ನೋನೊ,

ನಿಮ್ಮ ಬತ್ತಿಯೂ ಬೂಟೂ ಬಂದವು. ಬೂಟು ಒಂದು ಅಳತೆ ಸಣ್ಣದು. ಪರವಾಗಿಲ್ಲ, ಅಕ್ಕನಿಗೆ ಸರಿಹೋಯಿತು.

ಈ ಪತ್ರದಲ್ಲಿ ಹಾಸ್ಯವಿಲ್ಲ, ಕ್ಷಮಿಸಿ. ಪಕ್ಕದ ಬೆಂಚಿನ ಅರ್ಖೊಂದೂಲಾಗೆ ರೋಡ್ಸ್ ದ್ವೀಪದಿಂದ ಟ್ಯೂಷನ್ ನೋಟ್ಸ್ ಬಂದಿದೆ. ಅದರ ಮೊದಲ ಪುಟದಲ್ಲೇ ಕೆಂಪಕ್ಷರದಲ್ಲಿ ಬರೆದಿದ್ದಾರೆ: ಪುಸ್ತಕದ ಪದ ಬಿಟ್ಟರೆ ಅಂಕ ಬಿಟ್ಟಿರಿ. ಅವಳು ಹಗಲೆಲ್ಲ ಕಣ್ಣುಮುಚ್ಚಿ ಒಪ್ಪಿಸುತ್ತ ಓಡಾಡುತ್ತಾಳೆ, ಕಂಬಕ್ಕೆ ಡಿಕ್ಕಿ ಹೊಡೆದು ಹಣೆ ಊದಿದೆ. ನಾನು ನಿಮ್ಮ ದಾರಿಯಲ್ಲಿ ಬಹಳ ದೂರ ಬಂದಿದ್ದೇನೆ. ಪರೀಕ್ಷೆಗೆ ಇಪ್ಪತ್ತು ದಿನವಿದೆ.

ಒಂದೇ ಪ್ರಶ್ನೆ. ನನ್ನ ಮಾತಿನಲ್ಲೇ ಬರೆಯಲೇ? ಹೌದು, ಇಲ್ಲ, ಇಷ್ಟು ಸಾಕು. ಪತ್ರಕ್ಕೆ ಹಡಗು ತಡವಾದೀತು, ತಂತಿ ಕೊಡಿ.

ರಿಗೊಪೂಲಾ


ತಂತಿ. ಪಿರಾಯಸ್, 29 ಮೇ 1996

ಹೌದು. ನಿನ್ನ ಮಾತಿನಲ್ಲೇ ಬರೆ. ಗಿಳಿಗಳಿಗೆ ಹೆದರಬೇಡ. ನೋನೊ.


ಕಾರ್ಪಾಥೊಸ್, 18 ಜೂನ್ 1996

ಪ್ರೀತಿಯ ನೋನೊ,

ಜೂನ್‌ನಲ್ಲಿ ಬರೆಯಬೇಡ ಎಂದಿದ್ದಿರಿ. ಲಾರಿಸಾದ ಮೀಸೆಯವಳು ಕೋಪಿಸಿಕೊಂಡರೆ ಕೊಳ್ಳಲಿ.

ಮುಗಿಯಿತು! ಮೂರು ಗಂಟೆ ಹೇಗೆ ಹೋಯಿತೋ ತಿಳಿಯಲಿಲ್ಲ. ಬರೆಯುವಾಗ ನಗು ಬರುತ್ತಿತ್ತು. ಕಾವಲಿಗಿದ್ದ ಹೆಂಗಸು ಎರಡು ಸಲ ಬಂದು, "ಯಾಕಮ್ಮ ನಗ್ತಿದ್ಯ, ಚೀಟಿ ಗೀಟಿ ಇಟ್ಕೊಂಡಿದ್ಯಾ?" ಎಂದು ತೋಳು ತಡವಿ ನೋಡಿದಳು. ಗೊತ್ತಿಲ್ಲದ ಪ್ರಶ್ನೆ ಒಂದೂ ಇರಲಿಲ್ಲ. ಅರ್ಖೊಂದೂಲಾ ಹೊರಗೆ ಬಂದು ಅತ್ತಳು, ಒಂದು ಪ್ಯಾರಾದಲ್ಲಿ ಒಂದು ಸಾಲು ಮರೆತಳಂತೆ, ಮುಂದಿನದೆಲ್ಲ ಅಲ್ಲೇ ನಿಂತಿತಂತೆ. ನನಗೆ ಪಾಪ ಅನ್ನಿಸಿತು.

ಮನೆಗೆ ಬಂದಾಗ ಸೆವಾಸ್ತಿ ಚಿಕ್ಕಮ್ಮ ಒಲೆಯ ಮುಂದಿಂದ ಎದ್ದು ಬಂದು, ಹಿಟ್ಟಿನ ಕೈಯಲ್ಲೇ ಕೆನ್ನೆ ಹಿಡಿದು ಕೇಳಿದಳು, "ಆಯ್ತಾ? ಹೋಗ್ತೀಯಾ?"

"ಹೋಗ್ತೀನಿ ಅನ್ಸುತ್ತೆ ಚಿಕ್ಕಮ್ಮ."

"ಹೋಗು. ತಿರುಗಿ ನೋಡ್ಬೇಡ. ನೋಡಿದ್ರೆ ಯಾರಾದ್ರೂ ಪಾತ್ರೆ ಕೈಗೆ ಕೊಡ್ತಾರೆ."

ನಿಮ್ಮ ಕೈಗೆ ಮುತ್ತು.

ರಿಗೊಪೂಲಾ


ಪಿರಾಯಸ್, 16 ಜುಲೈ 1996

ಪ್ರೀತಿಯ ರಿಗೊಪೂಲಾ,

ನಿನ್ನ ಪತ್ರ ತಲುಪಿತು. ಇಲ್ಲಿ ಸೆಕೆ ಬಹಳ. ಕಲ್ಲಂಗಡಿ ಚೆನ್ನಾಗಿ ಬಂದಿದೆ. ಕೆಲಸ ಮುಗಿದು ಮನೆಗೆ ಬಂದೆ, ಸ್ವಲ್ಪ ಆಯಾಸ.

ಫಲಿತಾಂಶದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡ. ಏನೇ ಬಂದರೂ ಮುಂದಿನ ವರ್ಷ ಇದ್ದೇ ಇದೆ. ಮುಂದಿನ ವರ್ಷಕ್ಕೆ ಪುಸ್ತಕವನ್ನೂ ಒಂದು ಸಲ ನೋಡಿಕೊಂಡರೆ ತಪ್ಪೇನಿಲ್ಲ.

ಮನೆಯವರಿಗೆಲ್ಲ ನಮಸ್ಕಾರ.

ಮಿನಾಸ್


ಕಾರ್ಪಾಥೊಸ್, 29 ಆಗಸ್ಟ್ 1996

ಪ್ರೀತಿಯ ನೋನೊ,

ಹೆಸರು ಬರಲಿಲ್ಲ. ವೈದ್ಯಕೀಯಕ್ಕೂ ಇಲ್ಲ, ಅರ್ಜಿಯಲ್ಲಿ ನಾನು ಬರೆದಿದ್ದ ಬೇರೆ ಯಾವುದಕ್ಕೂ ಇಲ್ಲ. ಉಳಿದ ಮೂರರಲ್ಲಿ ಬೇಕಾದಷ್ಟು ಬಂದಿದೆ. ಜೀವಶಾಸ್ತ್ರ ಎಳೆದು ಹಾಕಿತು, ನೂರಕ್ಕೆ ಅರವತ್ತೇಳು. ಇನ್ನು ಐದು ಇದ್ದಿದ್ದರೆ ದಾಟುತ್ತಿದ್ದೆ. ಅರ್ಖೊಂದೂಲಾ ವೈದ್ಯಕೀಯ ಓದಲು ಪಾತ್ರಾಸ್‌ಗೆ ಹೋಗುತ್ತಿದ್ದಾಳೆ.

ನಿಮಗೆ ಒಂದು ವಿಷಯ ಹೇಳಿರಲಿಲ್ಲ. ಹೇಳಿದ್ದರೆ ನೀವು ಅಷ್ಟು ತಮಾಷೆಯಾಗಿ ಬರೆಯುತ್ತಿರಲಿಲ್ಲ ಎಂಬ ಭಯವಿತ್ತು, ಆ ಪತ್ರಗಳು ನನಗೆ ಬೇಕಾಗಿದ್ದವು. ನನಗೆ ಮುಂದಿನ ವರ್ಷ ಇಲ್ಲ. ಕಳೆದ ವರ್ಷ ನಿಶ್ಚಯದ ದಿನವೇ ಅಪ್ಪ ಹೇಳಿದ್ದ: "ನೋಡು ಮಗಾ, ಮದುವೆ ದಿನ ಬೀಗದ ಕೈ ಕಲ್ಲಿಯೋಪಿಗೆ ಹೋಗುತ್ತೆ. ಅಷ್ಟರೊಳಗೆ ನೀನು ಓದಕ್ಕೆ ಹೋಗಿದ್ರೆ ಹೋದೆ. ಇಲ್ಲಾ ಅಂದ್ರೆ ನೀನೂ ಮನೆ ಜೊತೆ ಅವಳ ಪಾಲು. ಆಮೇಲೆ ನಂದೇನೂ ನಡಿಯಲ್ಲ." ಭಾವ ಈಗಾಗಲೇ ಬೇಕರಿಯಲ್ಲಿ ನನಗೆ ಏಪ್ರನ್ ತೂಗುಹಾಕಿದ್ದಾನೆ. ಒಳ್ಳೆಯವನೇ, ನನ್ನ ಅಳತೆ ಕೇಳಿಯೇ ಹೊಲಿಸಿದ. ಸೆವಾಸ್ತಿ ಚಿಕ್ಕಮ್ಮ ಒಲೆಯ ಪಕ್ಕದ ಹಾಸಿಗೆಯನ್ನು ಗೋಡೆಯ ಕಡೆಗೆ ಸರಿಸಿ ಜಾಗ ಮಾಡಿದಳು.

ನನಗೆ ಬೇಸರ ಅದಲ್ಲ. ನನಗೆ ಅರ್ಥವಾಗಿದೆ ಎಂದುಕೊಂಡಿದ್ದೆ. ಆಗಿರಲಿಲ್ಲ ಅಲ್ಲವೇ? ನೀವು ಪ್ರೀತಿಯಿಂದ ನೂರಕ್ಕೆ ನೂರು ಕೊಡುತ್ತಿದ್ದಿರಿ, ನಾನು ನಂಬಿದೆ. ನೋಡಿದವರಿಗೆ ಕೂಡಲೇ ಗೊತ್ತಾಗುತ್ತದೆ ಎಂದು ನೀವೇ ಬರೆದಿದ್ದಿರಿ. ಅವರಿಗೆ ಗೊತ್ತಾಗಿದೆ. ಪರೀಕ್ಷಕರ ಮೇಲೆ ನನಗೆ ಸಿಟ್ಟಿಲ್ಲ.

ಮದುವೆ ಹದಿನೈದಕ್ಕೆ. ಬನ್ನಿ.

ರಿಗೊಪೂಲಾ


ಪಿರಾಯಸ್, 10 ಸೆಪ್ಟೆಂಬರ್ 1996

ಪೂಲಾ,

ಮದುವೆಗೆ ಬರುವುದಿಲ್ಲ. ಕಾರಣ ಓದು.

ಜೂನ್ ತಿಂಗಳ ಕೂಲಿ ಏನೆಂದು ಹೇಳದೆ ಉಳಿಸಿದ್ದೆ. ಹನ್ನೊಂದು ವರ್ಷದಿಂದ ಜೂನ್‌ನಲ್ಲಿ ನಾನು ಮೌಲ್ಯಮಾಪನ ಕೇಂದ್ರದಲ್ಲಿ ಕೂತು ಜೀವಶಾಸ್ತ್ರದ ಉತ್ತರಪತ್ರಿಕೆ ತಿದ್ದುತ್ತೇನೆ. ಕೈಗೊಂದು ಸೂಚನಾಪಟ್ಟಿ ಕೊಡುತ್ತಾರೆ. ಪದ ಇದ್ದರೆ ಅಂಕ, ಇಲ್ಲದಿದ್ದರೆ ಇಲ್ಲ. ವರ್ಷವಿಡೀ ಗಿಳಿಗಳನ್ನು ನೋಡಿ ನಗುವವನು ಜೂನ್‌ನಲ್ಲಿ ಗಿಳಿಗಳಿಗೆ ಕಾಳು ಹಾಕುತ್ತೇನೆ. ಉಳಿದ ಹಕ್ಕಿಗಳ ರೆಕ್ಕೆ ಕತ್ತರಿಸುತ್ತೇನೆ. ನಿನ್ನ ಪತ್ರಿಕೆ ನನ್ನಂಥವನ ಕೈಗೆ ಸಿಗದು, ಯಾರಾದರೂ ಒಳ್ಳೆಯವರಿಗೆ ಸಿಗುತ್ತದೆ ಎಂದುಕೊಂಡಿದ್ದೆ.

ಜೂನ್ ಇಪ್ಪತ್ತೊಂದರಂದು ಮಧ್ಯಾಹ್ನ ಕಟ್ಟು ಬಿಚ್ಚಿದೆ. ಆರನೆಯ ಪತ್ರಿಕೆ. ಹೆಸರಿನ ಮೇಲೆ ಕಪ್ಪು ಕಾಗದವಿತ್ತು. ಬರವಣಿಗೆಯ ಮೇಲೆ ಇರಲಿಲ್ಲ.

ಪರಿಚಯದ ಬರವಣಿಗೆ ಕಂಡರೆ ಎದ್ದು ಮುಖ್ಯಸ್ಥರಿಗೆ ಹೇಳಿ ಬೇರೆಯವರಿಗೆ ಕೊಡಬೇಕು. ಅದು ನಿಯಮ. ನಾನು ಏಳಲಿಲ್ಲ. ನನ್ನ ಕೈಗೇ ಬಂದಿದೆಯಲ್ಲ, ನನ್ನ ಪುಣ್ಯ, ನಿನ್ನ ಪುಣ್ಯ ಎಂದುಕೊಂಡೆ. ಓದಿದೆ. ಹಾಗೆ ಬರೆದದ್ದನ್ನು ಹನ್ನೊಂದು ವರ್ಷದಲ್ಲಿ ನೋಡಿಲ್ಲ. ಕಣ್ಣೊರೆಸಿಕೊಂಡೆ, ಪಕ್ಕದವನು "ಸೆಕೆನಾ?" ಎಂದ. ಆಗ ಭಯವಾಯಿತು. ಹೋದ ವರ್ಷ ಪರಿಚಯದ ಹುಡುಗನಿಗೆ ಧಾರಾಳ ಮಾಡಿದ ಒಬ್ಬ ಮೇಷ್ಟ್ರನ್ನು ಮನೆಗೆ ಕಳಿಸಿದರು. ನಾನು ನಿನಗೆ ಹೆಚ್ಚು ಕೊಡುತ್ತಿದ್ದೇನೆಯೇ? ಪ್ರೀತಿಯೇ ಓದಿಸುತ್ತಿದೆಯೇ? ಪೆನ್ನು ಕೆಳಗಿಟ್ಟೆ, ಸೂಚನಾಪಟ್ಟಿ ಹತ್ತಿರ ಎಳೆದುಕೊಂಡೆ, ನೀನು ಯಾರೋ ಎಂಬಂತೆ ಬೆರಳಿಟ್ಟು ನೋಡಿದೆ.

ಮೂರನೆಯ ಪ್ರಶ್ನೆ ನಿನಗೆ ನೆನಪಿರುತ್ತದೆ. ಹೆಚ್ಚು ಬಿಸಿಯಾದರೆ ಪ್ರೋಟೀನಿಗೆ ಏನಾಗುತ್ತದೆ, ಎಂಟು ಅಂಕ. ನೀನು ಈಸ್ಟರ್‌ನ ಕೆಂಪು ಮೊಟ್ಟೆಯ ಬಗ್ಗೆ ಬರೆದಿದ್ದೆ: ಬೆಂದ ಮೊಟ್ಟೆಯಲ್ಲಿ ಒಂದು ಮಣಿಯೂ ಕಳೆದುಹೋಗಿಲ್ಲ, ಪೋಣಿಸಿದ ಸಾಲು ಹಾಗೇ ಇದೆ, ಮಡಿಕೆ ಮಾತ್ರ ಬಿಚ್ಚಿಹೋಗಿದೆ, ತಣ್ಣಗೆ ಮಾಡಿದರೂ ಅದು ತನ್ನ ಹಳೆಯ ಆಕಾರ ನೆನಪಿಸಿಕೊಳ್ಳಲಾರದು. ಪಟ್ಟಿಯಲ್ಲಿದ್ದ ಮೂರು ಪದ ಅದರಲ್ಲಿರಲಿಲ್ಲ. ಮೂರು ಅಂಕ ಕೊಟ್ಟೆ.

ಒಟ್ಟು ಅರವತ್ತೊಂದು ಹಾಕಿದೆ. ಸಂಜೆ ದಾಖಲು ಮಾಡುವ ಮೇಜಿಗೆ ಕೈಸಾಲದೆ ನನ್ನನ್ನು ಕರೆದರು. ಮೊದಲು ನೋಡಿದವರ ಅಂಕದ ಮೇಲಿನ ಕಾಗದವನ್ನು ನಾನೇ ಕಿತ್ತೆ. ಎಪ್ಪತ್ಮೂರು. ಯಾರೋ ಗುರುತಿಲ್ಲದವರು ಕೊಟ್ಟದ್ದು. ಸರಾಸರಿ ಅರವತ್ತೇಳು. ಅಂತರ ಹನ್ನೆರಡು, ಹನ್ನೆರಡಕ್ಕಿಂತ ಹೆಚ್ಚಲ್ಲ. ನಾನು ಇನ್ನೊಂದು ಅಂಕ ಕಡಿಮೆ ಹಾಕಿದ್ದರೂ ಮೂರನೆಯವರು ನೋಡುತ್ತಿದ್ದರು. ಇನ್ನಷ್ಟು ಕ್ರೂರಿಯಾಗಿದ್ದರೆ ನೀನು ಬದುಕುತ್ತಿದ್ದೆಯೇನೋ.

ಮುಂದಿನ ವರ್ಷ ಸರಿಮಾಡುತ್ತೇನೆ ಎಂದು ಜುಲೈನಲ್ಲಿ ಬಾಯಿ ಮುಚ್ಚಿಕೊಂಡೆ. ನಿನಗೆ ಮುಂದಿನ ವರ್ಷವಿಲ್ಲ ಎಂದು ತಿಳಿದದ್ದು ಈಗ. ಮುಖ್ಯಸ್ಥರಿಗೆ ಬರೆದುಕೊಟ್ಟಿದ್ದೇನೆ. ನನ್ನನ್ನು ಪರೀಕ್ಷಕರ ಪಟ್ಟಿಯಿಂದ ತೆಗೆದರು. ಅಂಕ ಒಮ್ಮೆ ದಾಖಲಾದರೆ ಬದಲಾಗುವುದಿಲ್ಲವಂತೆ.

ನಿನಗೆ ಎಲ್ಲವೂ ಅರ್ಥವಾಗಿತ್ತು. ಅದೊಂದನ್ನು ತಿಳಿ.

ಮಿನಾಸ್


ಕಾರ್ಪಾಥೊಸ್, 8 ಅಕ್ಟೋಬರ್ 1996

ಮಾನ್ಯ ಪರೀಕ್ಷಕರಿಗೆ,

ಮೂರನೆಯ ಪ್ರಶ್ನೆ. ಉತ್ತರ:

ಪ್ರೋಟೀನು ಅತಿಯಾದ ಉಷ್ಣತೆಗೆ ಅಥವಾ ಅತಿಯಾದ ಆಮ್ಲೀಯತೆಗೆ ಒಳಗಾದಾಗ, ಅದರ ಪಾರ್ಶ್ವಗುಂಪುಗಳ ನಡುವೆ ಏರ್ಪಟ್ಟಿದ್ದ ಬಂಧಗಳು ಕಡಿಯುತ್ತವೆ. ಇದರಿಂದ ಪ್ರೋಟೀನಿನ ಮೂರು ಆಯಾಮದ ರಚನೆ ಕೆಡುತ್ತದೆ. ಪರಿಣಾಮವಾಗಿ, ಅಮೈನೊ ಆಮ್ಲಗಳ ಅನುಕ್ರಮ ಬದಲಾಗದಿದ್ದರೂ, ಪ್ರೋಟೀನು ತನ್ನ ಕಾರ್ಯವನ್ನು ನಿರ್ವಹಿಸಲಾರದು. ಈ ವಿದ್ಯಮಾನವನ್ನು ಸ್ವರೂಪನಾಶ ಎಂದು ಕರೆಯಲಾಗುತ್ತದೆ.

ಪುಟ ಮೂವತ್ನಾಲ್ಕು, ಎರಡನೆಯ ಪ್ಯಾರಾ. ನೋಡಿ ಬರೆದದ್ದಲ್ಲ. ಇಲ್ಲಿ ಬೇಕರಿಯಲ್ಲಿ ಪುಸ್ತಕವಿಲ್ಲ.

ಪುಸ್ತಕ ಮರೆತೆ ಎಂದು ನಿಮಗೆ ಆಣೆ ಹಾಕಿ ಬರೆದದ್ದು ಸುಳ್ಳು. ಒಂದು ಪುಟವೂ ಮರೆತಿರಲಿಲ್ಲ. ಪರೀಕ್ಷೆಯ ಬೆಳಿಗ್ಗೆ ಈ ಪ್ಯಾರಾ ಇಡಿಯಾಗಿ ನನಗೆ ಬಂದಿತ್ತು. ಮೊದಲ ಸಾಲು ಬರೆದೂ ಆಗಿತ್ತು. ಆಮೇಲೆ ನೀವು ನಗುತ್ತೀರಿ ಅನ್ನಿಸಿತು. ಹೊಡೆದುಹಾಕಿ ಮೊಟ್ಟೆಯಿಂದ ಶುರುಮಾಡಿದೆ. ಹೊಡೆದ ಸಾಲು ಪತ್ರಿಕೆಯಲ್ಲೇ ಇತ್ತು. ನಿಮ್ಮ ಪತ್ರದಲ್ಲಿ ಅದರ ಮಾತಿಲ್ಲ.

ಎಂಟಕ್ಕೆ ಎಷ್ಟು?

ರಿಗೊಪೂಲಾ